ಒಂದೇ ಎದೆಯಲ್ಲಿ ಎರಡು ಮೂರು ಸೋಂಕು: ರೋಗ ಪತ್ತೆಯ ಕಷ್ಟ ಮತ್ತು ನಮ್ಮ ಪಾತ್ರ

(ಸಂಘದ ಸದಸ್ಯರು ಹಾಗೂ ಪಿಯುಸಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ವೈದ್ಯನಲ್ಲ. ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಇಂಥ ವಿಷಯಕ್ಕೆ ಭಾಷೆಯ ಮೇಷ್ಟ್ರನ್ನು ಏಕೆ ಕರೆದರು ಎಂದು ಕೆಲವರು ಯೋಚಿಸುತ್ತಿರಬಹುದು. ನಾನೂ ಹಾಗೆಯೇ ಯೋಚಿಸಿದೆ. ಆದರೆ ಈ ವಿಷಯವನ್ನು ಓದುತ್ತಾ, ತಿಳಿದವರನ್ನು ಕೇಳುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಎಚ್.ಐ.ವಿ. ಮುಂದುವರಿದ ಹಂತಕ್ಕೆ ಹೋದ ಮನುಷ್ಯನ ಎದೆಯಲ್ಲಿ ಏನಾಗಿದೆ ಎಂದು ಕಂಡುಹಿಡಿಯುವುದರಲ್ಲಿ ಯಂತ್ರದ ಪಾಲು ಎಷ್ಟಿದೆಯೋ, ರೋಗಿ ಮತ್ತು ಅವನ ಜೊತೆಗೆ ಬಂದವರು ಆಡುವ ಮಾತಿನ ಪಾಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಆ ಮಾತಿನ ಭಾಗವನ್ನು ಹೇಳುವ ಅಧಿಕಾರ ಭಾಷಾ ಶಿಕ್ಷಕನಿಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಮೊದಲು ನಮ್ಮ ಸೀಮೆಯ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ, ಈ ಐದು ತಾಲ್ಲೂಕುಗಳು 2021ರಿಂದ ಹೊಸಪೇಟೆಯೊಂದಿಗೆ ಸೇರಿ ವಿಜಯನಗರ ಜಿಲ್ಲೆಯಾಗಿವೆ. ಅದಕ್ಕೂ ಮುಂಚೆ ಬಳ್ಳಾರಿ ಜಿಲ್ಲೆ. ಹರಪನಹಳ್ಳಿ ಮಾತ್ರ 1997ರ ನಂತರ ಸುಮಾರು ಇಪ್ಪತ್ತು ವರ್ಷ ದಾವಣಗೆರೆ ಜಿಲ್ಲೆಯಲ್ಲಿತ್ತು. ಉತ್ತರ ಕರ್ನಾಟಕದಲ್ಲಿ ಎಚ್.ಐ.ವಿ. ಹೆಚ್ಚು ಕಂಡುಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿತ್ತು. ಕಾರಣಗಳನ್ನು ತಾವೂ ಬಲ್ಲಿರಿ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಕಾಫಿ ತೋಟಗಳಿಗೂ ಗುಳೆ ಹೋಗುವ ಕುಟುಂಬಗಳು, ಹೆದ್ದಾರಿಯ ಲಾರಿ ಸಂಚಾರ, 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೂ ಹಗಲು ರಾತ್ರಿ ನಡೆದ ಗಣಿಗಾರಿಕೆ, 1982ರಲ್ಲಿಯೇ ಕಾನೂನು ಬಂದರೂ ಗುಟ್ಟಾಗಿ ಉಳಿದ ದೇವದಾಸಿ ಪದ್ಧತಿ. ಇದನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ಇವು ಬಡತನದ ಕಾರಣಗಳು. ಯಾವ ಜಾತಿಯ, ಯಾವ ಕೇರಿಯ, ಯಾವ ಕಸುಬಿನವರ ಮೇಲೂ ಬೆರಳು ತೋರಿಸುವ ಕಾರಣಗಳಲ್ಲ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗುವಿಗೆ ಬಂದ ಸೋಂಕಿನಲ್ಲಿ ಆ ಹೆಂಡತಿಯ ತಪ್ಪೇನು, ಮಗುವಿನ ತಪ್ಪೇನು?

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಸರಕಾರ ಉಚಿತವಾಗಿ ಎ.ಆರ್.ಟಿ. ಮಾತ್ರೆ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. 2017ರಿಂದ ಸೋಂಕು ಪತ್ತೆಯಾದ ಕೂಡಲೇ, ಸಿಡಿ4 ಎಷ್ಟೇ ಇರಲಿ, ಮಾತ್ರೆ ಶುರುಮಾಡುತ್ತಾರೆ. ಹೀಗಿದ್ದರೂ ತೀರಾ ಕೃಶರಾಗಿ, ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಬರುವವರು ಇನ್ನೂ ಇದ್ದಾರೆ. ಕೆಲವರಿಗೆ ಸೋಂಕು ಇರುವುದೇ ಗೊತ್ತಿರುವುದಿಲ್ಲ. ಕೆಲವರು ಮಾತ್ರೆ ನಡುವೆ ಬಿಟ್ಟಿರುತ್ತಾರೆ. ಗುಳೆ ಹೋದ ಊರಿನಲ್ಲಿ ಮಾತ್ರೆ ಮುಗಿದಿರುತ್ತದೆ, ಯಾರನ್ನು ಕೇಳಬೇಕೆಂದು ತಿಳಿದಿರುವುದಿಲ್ಲ.

ಸಿಡಿ4 ಎಂದರೇನು? ನಮ್ಮ ರಕ್ತದಲ್ಲಿ ದೇಹವನ್ನು ಕಾಯುವ ಒಂದು ಬಗೆಯ ಬಿಳಿ ಕಣ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 500ರಿಂದ 1500 ಇರುತ್ತವೆ. ಎಚ್.ಐ.ವಿ. ಇದನ್ನೇ ತಿನ್ನುತ್ತದೆ. 200ಕ್ಕಿಂತ ಕೆಳಗೆ ಇಳಿದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಮುಂದುವರಿದ ಹಂತ. ಹೊಲಕ್ಕೆ ಬೇಲಿ ಇದ್ದಾಗ ಅಪ್ಪಿತಪ್ಪಿ ಒಂದು ದನ ನುಗ್ಗೀತು. ಬೇಲಿಯೇ ಬಿದ್ದ ಮೇಲೆ ದನ, ಕುರಿ, ಹಂದಿ ಎಲ್ಲವೂ ಒಂದೇ ರಾತ್ರಿ ನುಗ್ಗುತ್ತವೆ. ಬೆಳಿಗ್ಗೆ ರೈತ ಹೋಗಿ ಒಂದು ಕುರಿ ಹಿಡಿದು, ಕಳ್ಳ ಸಿಕ್ಕಿತು ಎಂದು ಮನೆಗೆ ಬಂದರೆ ಹೊಲ ಉಳಿಯುತ್ತದೆಯೇ? ಇಂದಿನ ಮಾತಿನ ಸಾರವೆಲ್ಲ ಇಷ್ಟೇ. ನಾವು ಸಾಮಾನ್ಯವಾಗಿ ಒಬ್ಬ ಮನುಷ್ಯನಿಗೆ ಒಂದು ಸಲಕ್ಕೆ ಒಂದು ರೋಗ ಎಂದು ಯೋಚಿಸುತ್ತೇವೆ, ಆರೋಗ್ಯವಂತರ ವಿಷಯದಲ್ಲಿ ಅದು ಬಹುಪಾಲು ನಿಜವೂ ಹೌದು. ಬೇಲಿ ಬಿದ್ದವರ ವಿಷಯದಲ್ಲಿ ಹಾಗೆ ಯೋಚಿಸಿದರೆ ಜೀವ ಹೋಗುತ್ತದೆ.

ಈ ಎದೆಗೆ ನುಗ್ಗುವವು ಯಾವುವು? ನಮ್ಮ ದೇಶದಲ್ಲಿ ಮೊದಲನೆಯದು ಕ್ಷಯ, ಟಿ.ಬಿ. ಇದು ಸಿಡಿ4 ಎಷ್ಟಿದ್ದರೂ ಬರಬಹುದು. ಎರಡನೆಯದು ಸಾಮಾನ್ಯ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಮೂರನೆಯದು ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ. ವೈದ್ಯರು ಚಿಕ್ಕದಾಗಿ ಪಿ.ಸಿ.ಪಿ. ಎನ್ನುತ್ತಾರೆ. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಈ ಅಪರೂಪದ ನ್ಯುಮೋನಿಯಾ ಕಂಡದ್ದರಿಂದಲೇ ಏಡ್ಸ್ ಎಂಬ ರೋಗ ಜಗತ್ತಿಗೆ ತಿಳಿಯಿತು. ಇವಲ್ಲದೆ ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಶಿಲೀಂಧ್ರವಿದೆ. ಶ್ವಾಸಕೋಶದ ಮೂಲಕ ಒಳಹೊಕ್ಕು ಮೆದುಳಿನ ಪೊರೆಗೆ ಹೋಗುತ್ತದೆ. ಸೈಟೊಮೆಗಲೊ ವೈರಸ್ ಮೊದಲಾದವು ಸಿಡಿ4 ಇನ್ನೂ ಕೆಳಗೆ ಇಳಿದಾಗ ಬರುವಂಥವು.

ಮುಂಬೈಯಲ್ಲಿ 1988ರಿಂದ 2000ದವರೆಗೆ ಏಡ್ಸ್‌ನಿಂದ ತೀರಿಕೊಂಡ 143 ವಯಸ್ಕರ ಶವಪರೀಕ್ಷೆ ಮಾಡಿ ಶ್ವಾಸಕೋಶಗಳನ್ನು ನೋಡಿದ ಅಧ್ಯಯನವೊಂದಿದೆ. ನೂರಕ್ಕೆ 59 ಜನರಲ್ಲಿ ಕ್ಷಯ ಇತ್ತು, 18 ಜನರಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಉಳಿದ ಸೋಂಕುಗಳು ಕಡಿಮೆ ಸಂಖ್ಯೆಯಲ್ಲಿ, ಕೆಲವರಲ್ಲಿ ಒಂದಕ್ಕಿಂತ ಹೆಚ್ಚು ಒಟ್ಟಿಗೆ. 2015ರಲ್ಲಿ ಹಲವು ಬಡ ದೇಶಗಳ ಇಂಥ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಎಚ್.ಐ.ವಿ. ಇದ್ದು ತೀರಿಕೊಂಡ ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಕ್ಷಯವಿತ್ತು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಕ್ಷಯವಿದೆ ಎಂದು ಬದುಕಿದ್ದಾಗ ಯಾರಿಗೂ ತಿಳಿದಿರಲಿಲ್ಲ. ವಿದ್ಯಾರ್ಥಿಗಳೇ, ಈ ಮಾತನ್ನು ಸ್ವಲ್ಪ ಯೋಚಿಸಿ. ಆರು ತಿಂಗಳ ಉಚಿತ ಮಾತ್ರೆಯಲ್ಲಿ ವಾಸಿಯಾಗಬಹುದಾದ ರೋಗ, ಪತ್ತೆಯಾಗದೆ ಹೋಯಿತು.

ಏಕೆ ಪತ್ತೆಯಾಗುವುದಿಲ್ಲ? ನನಗೆ ಎಲ್ಲಕ್ಕಿಂತ ಆಶ್ಚರ್ಯವೆನಿಸಿದ ಸಂಗತಿ ಇದು. ಕ್ಷಯರೋಗಿಯ ಎಕ್ಸ್‌ರೇಯಲ್ಲಿ ಕಾಣುವ ಕುಳಿ, ಕಲೆಗಳು ಬರೀ ರೋಗಾಣುವಿನ ಗುರುತಲ್ಲ. ರೋಗಾಣುವಿಗೂ ದೇಹಕ್ಕೂ ನಡೆದ ಕಾದಾಟದ ಗುರುತು. ಕಾದಾಡುವ ಶಕ್ತಿಯೇ ಇಲ್ಲದ ದೇಹದಲ್ಲಿ ಕುಳಿ ಬೀಳುವುದಿಲ್ಲ. ಹಾಗಾಗಿ ರೋಗ ಹೆಚ್ಚಿದಷ್ಟೂ ಎಕ್ಸ್‌ರೇ ಸ್ವಚ್ಛವಾಗಿ ಕಾಣಬಹುದು! ಕುಳಿ ಇಲ್ಲದ್ದರಿಂದ ಕಫಕ್ಕೆ ಬರುವ ರೋಗಾಣುಗಳೂ ಕಡಿಮೆ. ಹಳೆಯ ಪದ್ಧತಿಯ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇರಬೇಕು. ಅಷ್ಟಿಲ್ಲದಿದ್ದರೆ ಚೀಟಿಯಲ್ಲಿ ನೆಗೆಟಿವ್ ಎಂದು ಬರುತ್ತದೆ, ರೋಗಿ ಸಂತೋಷದಿಂದ ಮನೆಗೆ ಹೋಗುತ್ತಾನೆ.

ಇದಕ್ಕಾಗಿಯೇ ಹೊಸ ಪರೀಕ್ಷೆಗಳು ಬಂದವು. ಸಿಬಿನ್ಯಾಟ್ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಸುಮಾರು ಎರಡು ಗಂಟೆಯಲ್ಲಿ ಕಫದಲ್ಲಿನ ರೋಗಾಣುವಿನ ಬೀಜದ್ರವ್ಯವನ್ನೇ ಗುರುತಿಸಿ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೋ ಇಲ್ಲವೋ ಎಂದೂ ಹೇಳುತ್ತದೆ. ನಮ್ಮ ದೇಶದಲ್ಲಿಯೇ ತಯಾರಾದ ಟ್ರೂನ್ಯಾಟ್‌ಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಕೋವಿಡ್ ಕಾಲದಲ್ಲಿ ಈ ಪುಟ್ಟ ಯಂತ್ರ ಅನೇಕ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿತು. ಕಫವೇ ಬಾರದವರಿಗೆ ಮೂತ್ರದ ಪರೀಕ್ಷೆಯೊಂದಿದೆ, ಲ್ಯಾಮ್ ಎನ್ನುತ್ತಾರೆ. ಕ್ಷಯದ ರೋಗಾಣುವಿನ ಹೊರಕವಚದ ಚೂರನ್ನು ಅರ್ಧ ಗಂಟೆಯೊಳಗೆ ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ತೋರಿಸುತ್ತದೆ. ರೋಗಿ ದುರ್ಬಲನಾದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಇದರ ವಿಶೇಷ. ಎಲ್ಲ ಕಡೆ ಸಿಗುವುದಿಲ್ಲ, ಕೇಳಿ ನೋಡಬೇಕು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಒಬ್ಬ ಲಾರಿ ಚಾಲಕನೆಂದು ಇಟ್ಟುಕೊಳ್ಳಿ, ಕೂಡ್ಲಿಗಿ ಕಡೆಯ ಹಳ್ಳಿಯವನು. ಒಂದು ತಿಂಗಳಿಂದ ಒಣಕೆಮ್ಮು, ಸಂಜೆ ಜ್ವರ, ಹತ್ತು ಕೆಜಿ ಇಳಿದಿದ್ದಾನೆ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತೆಗೆದುಕೊಂಡ, ಊರಿನ ಡಾಕ್ಟರ ಹತ್ತಿರ ಇಂಜೆಕ್ಷನ್ ಮಾಡಿಸಿಕೊಂಡ. ನಾಲ್ಕು ದಿನ ಆರಾಮ, ಮತ್ತೆ ಮೊದಲಿನಂತೆ. ಕೊನೆಗೆ ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂದಿತು. ಎಲ್ಲರೂ ಸಮಾಧಾನ ಪಟ್ಟರು, ಮಾತ್ರೆ ಶುರುವಾಯಿತು. ಎರಡು ವಾರವಾದರೂ ಉಸಿರಾಟ ಕೆಡುತ್ತಲೇ ಇದೆ. ಟಿ.ಬಿ. ಮಾತ್ರೆ ಅವನಿಗೆ ಒಗ್ಗಲಿಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ನಿಜವಾಗಿ ಅವನಿಗೆ ಕ್ಷಯದ ಜೊತೆಗೆ ಪಿ.ಸಿ.ಪಿ.ಯೂ ಇರಬಹುದು. ಕ್ಷಯ ಇದೆ ಎಂಬ ಚೀಟಿ ಸುಳ್ಳಲ್ಲ. ಆದರೆ ಆ ಚೀಟಿ ಬೇರೇನೂ ಇಲ್ಲ ಎಂದು ಹೇಳಿಲ್ಲವಲ್ಲ! ಒಂದು ಉತ್ತರ ಸಿಕ್ಕ ಕೂಡಲೇ ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದು ಪರೀಕ್ಷಾ ಹಾಲ್‌ನಲ್ಲಿ ವಿದ್ಯಾರ್ಥಿಗಳೂ ಮಾಡುತ್ತಾರೆ, ಆಸ್ಪತ್ರೆಯಲ್ಲಿ ದೊಡ್ಡವರೂ ಮಾಡುತ್ತಾರೆ.

ಪಿ.ಸಿ.ಪಿ.ಯ ಗುರುತು ಬೇರೆ. ಕೆಮ್ಮು ಹೆಚ್ಚಾಗಿ ಒಣ. ಹಲವು ವಾರಗಳಲ್ಲಿ ನಿಧಾನವಾಗಿ ಏರುವ ಏದುಸಿರು. ಕೂತಾಗ ಬೆರಳಿನ ಆಕ್ಸಿಮೀಟರ್ 96 ತೋರಿಸುತ್ತದೆ, ವರಾಂಡದಲ್ಲಿ ನಡೆದು ಬಂದರೆ 88ಕ್ಕೆ ಬೀಳುತ್ತದೆ. ಹಾಗಾಗಿ ಕೂಡಿಸಿ ಮಾತ್ರ ನೋಡಿದರೆ ಮೋಸ. ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶ ಉಜ್ಜಿದ ಗಾಜಿನ ಹಾಗೆ ಮಬ್ಬಾಗಿ ಕಾಣುತ್ತದೆ. ಕೋವಿಡ್‌ನಲ್ಲಿಯೂ ಹೀಗೆಯೇ ಕಾಣುತ್ತದೆ. 2020, 2021ರಲ್ಲಿ ಮಬ್ಬು ಕಂಡ ಕೂಡಲೇ ಎಲ್ಲವೂ ಕೋವಿಡ್ ಎನ್ನುವ ಅಪಾಯ ಎಲ್ಲ ದೇಶಗಳಲ್ಲೂ ಇತ್ತು. ಇದನ್ನು ಖಚಿತಪಡಿಸಲು ಉಪ್ಪುನೀರಿನ ಹಬೆ ಕೊಟ್ಟು ಕಫ ತೆಗೆಯಬೇಕು, ಇಲ್ಲವೆ ಬ್ರಾಂಕೊಸ್ಕೋಪಿ ಮಾಡಿ ಶ್ವಾಸಕೋಶವನ್ನು ತೊಳೆದ ನೀರನ್ನು ಪರೀಕ್ಷಿಸಬೇಕು. ಈ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಸಾಮಾನ್ಯ ರೀತಿಯಲ್ಲಿ ಬೆಳೆಸಿ ನೋಡಲು ಬರುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಷ್ಟೇ ಆಗುವ ಕೆಲಸ ಇದು. ಆದ್ದರಿಂದ ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ವೈದ್ಯರು ವರದಿಗೆ ಕಾಯದೆ, ಅನುಮಾನದ ಮೇಲೆಯೇ ಎರಡು ಮೂರು ಚಿಕಿತ್ಸೆಗಳನ್ನು ಒಟ್ಟಿಗೆ ಶುರುಮಾಡುತ್ತಾರೆ: ನ್ಯುಮೋನಿಯಾಕ್ಕೆ ಒಂದು, ಪಿ.ಸಿ.ಪಿ.ಗೆ ಹೆಚ್ಚಿನ ಪ್ರಮಾಣದ ಕೋಟ್ರೈಮಾಕ್ಸಜೋಲ್ 21 ದಿನ, ಕ್ಷಯದ್ದು ಬೇರೆ. ಏನೆಂದು ತಿಳಿಯದೆ ಎಲ್ಲ ಔಷಧಿ ಸುರಿಯುತ್ತಿದ್ದಾರೆ ಎಂದು ರೋಗಿಯ ಕಡೆಯವರು ಜಗಳಕ್ಕೆ ನಿಲ್ಲಬಾರದು. ಮೂರು ನಾಲ್ಕು ದಿನಗಳ ನಂತರ ಏನು ಸುಧಾರಿಸಿತು, ಏನು ಸುಧಾರಿಸಲಿಲ್ಲ ಎಂದು ಮತ್ತೆ ನೋಡುವುದೂ ರೋಗ ಪತ್ತೆಯ ಒಂದು ಭಾಗವೇ.

ಮೆಡಿಕಲ್ ಶಾಪಿನ ಮಾತ್ರೆಯ ಬಗ್ಗೆ ಹೇಳಲೇಬೇಕು. ಲಿವೊಫ್ಲಾಕ್ಸಾಸಿನ್ ಎಂಬ ಮಾತ್ರೆ ಕೆಮ್ಮಿಗೆ ಸುಲಭವಾಗಿ ಕೈಗೆ ಬರುತ್ತದೆ. ಅದು ಕ್ಷಯದ ರೋಗಾಣುವಿನ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಕ್ಷಯವನ್ನು ಕೊಲ್ಲುವುದಿಲ್ಲ, ಕೆಲವು ದಿನ ಮರೆಮಾಡುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ನಿನದ್ದೂ ಇದೇ ಕಥೆ: ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ಡಾಕ್ಟರ ಕೈಗುಣ ಒಳ್ಳೆಯದು ಎಂಬ ಹೆಸರು ಬರುತ್ತದೆ. ಇತ್ತ ರೋಗ ಬೆಳೆಯುತ್ತದೆ. ತೀವ್ರ ಪಿ.ಸಿ.ಪಿ.ಯಲ್ಲಿ ಆಸ್ಪತ್ರೆಯವರೇ ಸ್ಟಿರಾಯ್ಡ್ ಕೊಡುತ್ತಾರೆ ಎಂಬುದು ನಿಜ, ಆದರೆ ಅದು ಜೊತೆಗೆ ಸರಿಯಾದ ಔಷಧ ಇಟ್ಟುಕೊಂಡು, ಲೆಕ್ಕ ಹಾಕಿ ಕೊಡುವಂಥದ್ದು.

ಇನ್ನು ಭಾಷೆಯ ಮಾತು. ನಮ್ಮ ಕಡೆ ಉಸಿರಾಟದ ತೊಂದರೆಗೆಲ್ಲ ಒಂದೇ ಪದ, ದಮ್ಮು. ದಖ್ಖನಿ ಮಾತಾಡುವ ನಮ್ಮ ಮನೆಗಳಲ್ಲಿ ದಮ್ ಎಂದರೆ ಉಸಿರೂ ಹೌದು, ದಮಾ ಎಂದರೆ ಅಸ್ತಮಾ ಎಂಬ ರೋಗವೂ ಹೌದು. ಅಜ್ಜಿಯೊಬ್ಬರು ದಮ್ಮು ಎಂದರೆ, ಗಡಿಬಿಡಿಯಲ್ಲಿರುವ ವೈದ್ಯರು ಅಸ್ತಮಾ ಎಂದು ಬರೆದುಕೊಂಡು ಇನ್‌ಹೇಲರ್ ಕೊಟ್ಟು ಕಳಿಸಬಹುದು. ದಮ್ಮು ಎಂದು ನಿಲ್ಲಿಸಬೇಡಿ. ಮೊದಲು ಬಾವಿಯಿಂದ ಎರಡು ಕೊಡ ತರುತ್ತಿದ್ದರು, ಈಗ ಬಚ್ಚಲಿಗೆ ಹೋಗಿ ಬರಲೂ ಆಗುವುದಿಲ್ಲ, ಹೀಗಾಗಿ ಐದು ವಾರವಾಯಿತು ಎಂದು ಹೇಳಿ. ಮೊನ್ನೆಯಿಂದ ಎನ್ನುವ ಪದವೂ ಅಷ್ಟೇ ಅಪಾಯಕಾರಿ. ನಮ್ಮವರಿಗೆ ಮೊನ್ನೆ ಎಂದರೆ ಎರಡು ದಿನವೂ ಆಗಬಹುದು, ಎರಡು ತಿಂಗಳೂ ಆಗಬಹುದು. ಉರುಸಿಗೆ ಮುಂಚೆಯೋ ನಂತರವೋ, ಕೊಟ್ಟೂರು ತೇರಿಗೆ ಮುಂಚೆಯೋ, ಶೇಂಗಾ ಕೀಳುವಾಗಲೋ ಎಂದು ಕೇಳಿ ವಾರ ಲೆಕ್ಕ ಹಾಕಿ. ಎರಡು ದಿನದ ಜ್ವರ ಒಂದು ರೋಗದ ಕಡೆಗೆ, ಎರಡು ತಿಂಗಳ ಜ್ವರ ಇನ್ನೊಂದರ ಕಡೆಗೆ ಬೆರಳು ತೋರಿಸುತ್ತದೆ. ನಿಧಾನವಾಗಿ ನಡೆಯುತ್ತಿದ್ದ ಕೆಮ್ಮು ಒಂದೇ ರಾತ್ರಿಯಲ್ಲಿ ಚಳಿಜ್ವರ, ಎದೆನೋವು ಆಯಿತೆಂದರೆ ಹಳೆಯದರ ಮೇಲೆ ಹೊಸದು ಸೇರಿತೇನೋ ಎಂದು ವೈದ್ಯರಿಗೆ ಹೊಳೆಯುತ್ತದೆ. ತಲೆನೋವು ಇದ್ದರೆ ಅದನ್ನೂ ಹೇಳಲೇಬೇಕು. ಎದೆಗೆ ಸಂಬಂಧವಿಲ್ಲವೆಂದು ಬಿಡುವ ತಲೆನೋವೇ ಕ್ರಿಪ್ಟೊಕಾಕಸ್‌ನ ಸುಳಿವಾಗಬಹುದು; ಅದಕ್ಕೆ ರಕ್ತದಲ್ಲಿ ಬೇಗ ಆಗುವ ಪರೀಕ್ಷೆ ಇದೆ.

ನಿಮ್ಮಲ್ಲಿ ಅನೇಕರು ಮನೆಯ ಹಿರಿಯರ ಜೊತೆ ಆಸ್ಪತ್ರೆಗೆ ಹೋಗಿ ದುಭಾಷಿಯ ಕೆಲಸ ಮಾಡುವವರೇ. ಹರಪನಹಳ್ಳಿಯವರು ದಾವಣಗೆರೆಗೆ ಹೋಗುತ್ತಾರೆ, ಹಡಗಲಿಯವರು ಹೊಳೆ ದಾಟಿ ಗದಗಿನ ಕಡೆಗೆ, ಕೂಡ್ಲಿಗಿ ಕೊಟ್ಟೂರಿನವರು ಹೊಸಪೇಟೆಗೆ, ಅಥವಾ ಹಿಂದೆ ವಿಮ್ಸ್ ಎಂದು ಕರೆಯುತ್ತಿದ್ದ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ. ಎಕ್ಸ್‌ರೇ ಒಂದೂರಿನಲ್ಲಿ, ಕಫದ ಚೀಟಿ ಇನ್ನೊಂದೂರಿನಲ್ಲಿ, ಎ.ಆರ್.ಟಿ. ಪುಸ್ತಕ ಟ್ರಂಕಿನ ತಳದಲ್ಲಿ. ಮೂರನ್ನೂ ಒಬ್ಬ ವೈದ್ಯರು ಒಂದೇ ಮೇಜಿನ ಮೇಲೆ ನೋಡದಿದ್ದರೆ ಒಂದರ ಮೇಲೊಂದು ಬಂದ ಸೋಂಕು ಹೇಗೆ ತಿಳಿಯಬೇಕು? ಒಂದು ಪ್ಲಾಸ್ಟಿಕ್ ಚೀಲ ಸಾಕು. ಎಲ್ಲ ಕಾಗದ, ಖಾಲಿಯಾದ ಮಾತ್ರೆ ಹಾಳೆಗಳೂ ಅದರಲ್ಲಿರಲಿ.

ಎಲ್ಲಕ್ಕಿಂತ ಹೆಚ್ಚು ಜೀವ ಹೋಗುವುದು ಮುಚ್ಚಿಡುವುದರಿಂದ. ಎಚ್.ಐ.ವಿ. ಇದೆ ಎಂದು ವೈದ್ಯರಿಗೆ ಹೇಳದಿದ್ದರೆ ಅವರು ಪಿ.ಸಿ.ಪಿ.ಯನ್ನು ನೆನೆಸುವುದೂ ಇಲ್ಲ, ಸ್ವಚ್ಛ ಎಕ್ಸ್‌ರೇಯನ್ನು ಅನುಮಾನಿಸುವುದೂ ಇಲ್ಲ. ಸಾಮಾನ್ಯ ಜನರಿಗೆ ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. ಎಚ್.ಐ.ವಿ. ಇದ್ದವರಿಗೆ ಆ ಎರಡು ವಾರದ ಲೆಕ್ಕವಿಲ್ಲ. ಒಂದು ದಿನದ ಕೆಮ್ಮಾದರೂ, ಅಥವಾ ಬರೀ ಜ್ವರ, ತೂಕ ಇಳಿತ, ರಾತ್ರಿ ಬೆವರು ಇದ್ದರೂ ಪರೀಕ್ಷೆ ಮಾಡಬೇಕು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು, 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, 120 ಮುಟ್ಟಿದ ನಾಡಿ, ಆಸರೆಯಿಲ್ಲದೆ ನಡೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗುವವರೆಗೆ ಕಾಯಬಾರದು.

ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಸುಳ್ಳಲ್ಲ. ಅದಕ್ಕೆ 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಬಹಿರಂಗ ಮಾಡುವಂತಿಲ್ಲ. ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡುವಂತಿಲ್ಲ. ಶಿಕ್ಷಕ ಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು. ತಂದೆ ತಾಯಿಗೆ ಸೋಂಕಿರುವ ಮಗುವಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಪಿಸುಮಾತು ಆಡುವುದು ನಮ್ಮ ಕೆಲಸವಲ್ಲ. ವೈದ್ಯರೊಡನೆ ಮಾತಾಡುವಾಗಲೂ ರೋಗಿಯೇ ಗುಟ್ಟಾಗಿ ಹೇಳಿಕೊಳ್ಳಲು ಜಾಗ ಬಿಟ್ಟು, ನೀವು ಎರಡು ನಿಮಿಷ ಹೊರಗೆ ನಿಲ್ಲಿ. ಯಾರಿಗೂ ಹೆಸರು ಹೇಳದೆ ಕೇಳಬೇಕೆಂದರೆ 1097 ಎಂಬ ಉಚಿತ ಸಹಾಯವಾಣಿ ಇದೆ.

ಚಿಕಿತ್ಸೆ ಶುರುವಾದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಎ.ಆರ್.ಟಿ. ಆರಂಭಿಸಿದ ಕೆಲವು ವಾರಗಳಲ್ಲಿ ಕೆಲವರಿಗೆ ಜ್ವರ, ಕೆಮ್ಮು, ಗಂಟುಗಳು ಮತ್ತೆ ಹೆಚ್ಚುತ್ತವೆ. ಬೇಲಿ ಮತ್ತೆ ಎದ್ದಿದೆ, ಕಾವಲುಗಾರ ಎಚ್ಚರಗೊಂಡು ಒಳಗೆ ಅಡಗಿದ್ದ ರೋಗಾಣುವಿನೊಡನೆ ಕಾದಾಟಕ್ಕಿಳಿದಿದ್ದಾನೆ. ಇದು ಮಾತ್ರೆಯ ವಿಷವೆಂದು ತಿಳಿದು ಬಿಟ್ಟವರು ಕೆಟ್ಟರು. ಹಾಗೆಂದು ಮನೆಯಲ್ಲಿ ಕೂತು ಸಹಿಸುವಂಥದ್ದೂ ಅಲ್ಲ. ಏಕೆಂದರೆ ಇದೇ ಲಕ್ಷಣ ಔಷಧಕ್ಕೆ ಬಗ್ಗದ ಕ್ಷಯದ್ದೂ ಆಗಬಹುದು, ಮೊದಲು ತಪ್ಪಿಹೋದ ಇನ್ನೊಂದು ಸೋಂಕಿನದ್ದೂ ಆಗಬಹುದು. ಮತ್ತೆ ಅದೇ ಆಸ್ಪತ್ರೆಗೆ, ಅದೇ ಚೀಲದೊಂದಿಗೆ ಹೋಗಬೇಕು.

ಹಿಂದಿನ ಸಾಲಿನಿಂದ ರಂಜಾನ್ ಬಗ್ಗೆ ಚೀಟಿ ಬಂದಿದೆ. ಇಷ್ಟು ಕಾಯಿಲೆ ಇರುವವರಿಗೆ ರೋಜಾ ಕಡ್ಡಾಯವಿಲ್ಲ, ವಾಸಿಯಾದ ಮೇಲೆ ಹಿಡಿಯಬಹುದೆಂಬುದು ಎಲ್ಲರಿಗೂ ತಿಳಿದದ್ದೇ. ಚೇತರಿಸಿಕೊಂಡವರು ಹಿಡಿಯುತ್ತೇವೆ ಎಂದರೆ ಮೊದಲು ಎ.ಆರ್.ಟಿ. ಕೇಂದ್ರದಲ್ಲಿ ಕೇಳಲಿ. ದಿನಕ್ಕೊಂದು ಮಾತ್ರೆಯಾದರೆ ರಾತ್ರಿ ನುಂಗಬಹುದು. ಆದರೆ ಕ್ಷಯದ ರಿಫಾಂಪಿಸಿನ್ ಜೊತೆಗೆ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಿಗೆ ಅದನ್ನು ದಿನಕ್ಕೆ ಎರಡು ಸಲ ಕೊಡುತ್ತಾರೆ, ನಡುವೆ ಹನ್ನೆರಡು ಗಂಟೆ. ಸಹರಿಗೆ ಒಂದು, ಇಫ್ತಾರಿಗೆ ಒಂದು ಎಂದು ನೀವೇ ಸಮಯ ಬದಲಿಸಿಕೊಳ್ಳಬೇಡಿ. ಬೇಸಿಗೆಯ ರೋಜಾ ಹದಿಮೂರು ಹದಿನಾಲ್ಕು ಗಂಟೆಯಾಗುತ್ತದೆ, ಅದು ಆಗುತ್ತದೋ ಇಲ್ಲವೋ ಎಂದು ವೈದ್ಯರೇ ಹೇಳಲಿ. ಉಳಿದ ಪ್ರಶ್ನೆಗಳನ್ನು ಚಹಾದ ನಂತರ ತೆಗೆದುಕೊಳ್ಳೋಣ, ಹಡಗಲಿಯ ಬಸ್ಸು ಹಿಡಿಯಬೇಕಾದ ಮಕ್ಕಳು ಮೊದಲು ಕೇಳಲಿ.